ಸೈಕಲ್ಲಿಗೆ ವೈರ್‌ಲೆಸ್ ಸ್ಪೀಡ್ ಮತ್ತು ಕೇಡೆನ್ಸ್ ಸೆನ್ಸರ್ ಕೂರಿಸುವ ವಿಧಾನ

ಕನಕಪುರ ರಸ್ತೆಯಲ್ಲಿ ಮೆಟ್ರೊ ಸೇತುವೆಯ ಅಡಿಯಲ್ಲಿ ಸೈಕಲ್ ತುಳಿಯುವಾಗ ಜಿಪಿಎಸ್ ತೋರಿಸುವ ವೇಗ ಸ್ಥಿರವಾಗಿ ನಿಲ್ಲದಿರಲು ಕಾರಣ, ತಲೆಯ ಮೇಲಿನ ಕಾಂಕ್ರೀಟು ಉಪಗ್ರಹಗಳ ಸಂಕೇತಕ್ಕೆ ಅಡ್ಡ ಬರುವುದು. ಸ್ಪೀಡ್ ಸೆನ್ಸರ್ ಚಕ್ರದ ಸುತ್ತುಗಳನ್ನೇ ಎಣಿಸುವುದರಿಂದ ಅದಕ್ಕೆ ಈ ತೊಂದರೆಯಿಲ್ಲ. ಕೇಡೆನ್ಸ್ ಸೆನ್ಸರ್ ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ತಿಳಿಸುತ್ತದೆ. ನಂದಿ ಬೆಟ್ಟದ ಏರಿನಲ್ಲಿ ಗೇರ್ ಯಾವಾಗ ಇಳಿಸಬೇಕೆಂದು ತೀರ್ಮಾನಿಸಲು ವೇಗಕ್ಕಿಂತ ಈ ಸಂಖ್ಯೆಯೇ ಹೆಚ್ಚು ನೆರವಾಗುತ್ತದೆ.

ಈಗ ಸಿಗುವ ಸೆನ್ಸರ್‌ಗಳಲ್ಲಿ ಹೆಚ್ಚಿನವಕ್ಕೆ ಆಯಸ್ಕಾಂತ ಬೇಕಿಲ್ಲ. ಸ್ಪೀಡ್ ಸೆನ್ಸರನ್ನು ಚಕ್ರದ ಮಧ್ಯದ ಹಬ್‌ನ ನಡುಭಾಗಕ್ಕೆ ರಬ್ಬರ್ ಪಟ್ಟಿಯಿಂದ ಬಿಗಿದು, ಅದು ಕಡ್ಡಿಗಳಿಗೆ ತಾಗದಂತೆ ನೋಡಿಕೊಂಡರೆ ಆಯಿತು. ಮುಂದಿನ ಚಕ್ರವಾದರೂ ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಹಿಂದಿನ ಚಕ್ರವನ್ನು ಟ್ರೈನರ್ ಮೇಲೆ ಕೂರಿಸಿ ಮನೆಯೊಳಗೇ ತುಳಿಯುವವರು ಹಿಂದಿನ ಹಬ್ಬನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಅಲ್ಲಿ ಮುಂದಿನ ಚಕ್ರ ತಿರುಗುವುದೇ ಇಲ್ಲ.

ಕೇಡೆನ್ಸ್ ಸೆನ್ಸರ್‌ನ ಜಾಗ ಎಡಗಡೆಯ ಪೆಡಲ್ ಹಿಡಿದ ತೋಳಿನ, ಅಂದರೆ ಕ್ರ್ಯಾಂಕ್‌ನ ಒಳಮೈ. ಅಲ್ಲಿನ ಗ್ರೀಸ್ ಮತ್ತು ಧೂಳನ್ನು ಒರೆಸಿ, ಒಣಗಿಸಿ, ಆಮೇಲೆ ಬಿಗಿಯಿರಿ. ಬಳಿಕ ಪೆಡಲನ್ನು ಕೈಯಿಂದ ನಿಧಾನವಾಗಿ ಹಿಮ್ಮುಖವಾಗಿ ತಿರುಗಿಸುತ್ತ, ಕ್ರ್ಯಾಂಕ್ ಹಿಂಚಕ್ರದತ್ತ ಹೋಗುವ ಚೌಕಟ್ಟಿನ ಕೊಳವೆಯಾದ ಚೈನ್‌ಸ್ಟೇ ಪಕ್ಕದಲ್ಲಿ ಹಾದುಹೋಗುವ ಕ್ಷಣದಲ್ಲಿ ನಡುವೆ ಎಷ್ಟು ಸಂದು ಉಳಿಯುತ್ತದೆಂದು ಬಗ್ಗಿ ನೋಡಿ. ಸಂದು ತೀರ ಕಿರಿದಾಗಿದ್ದರೆ ಸೆನ್ಸರನ್ನು ಕ್ರ್ಯಾಂಕ್ ಮೇಲೆ ಸ್ವಲ್ಪ ಆಚೀಚೆ ಸರಿಸಿ ಮತ್ತೆ ತಿರುಗಿಸಿ. ಶೂ ಹಾಕಿಕೊಂಡು ಹಿಮ್ಮಡಿ ತಾಗುವುದಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ. ಆಯಸ್ಕಾಂತವಿರುವ ಹಳೆಯ ಬಗೆಯದಾದರೆ ಸೆನ್ಸರ್ ಚೈನ್‌ಸ್ಟೇ ಮೇಲೆ, ಒಂದು ಆಯಸ್ಕಾಂತ ಹಿಂಚಕ್ರದ ಕಡ್ಡಿಯ ಮೇಲೆ, ಇನ್ನೊಂದು ಕ್ರ್ಯಾಂಕ್ ಮೇಲೆ ಬರುತ್ತದೆ. ಸೆನ್ಸರಿಗೂ ಆಯಸ್ಕಾಂತಕ್ಕೂ ಮೂರರಿಂದ ಐದು ಮಿಲಿಮೀಟರ್ ಅಂತರವಿದ್ದರೆ ಸಾಮಾನ್ಯವಾಗಿ ಸಾಕು.

ಇಷ್ಟಾದ ಮೇಲಿನ ಕೆಲಸವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಸೆನ್ಸರಿಗೆ ಗೊತ್ತಿರುವುದು ಸುತ್ತಿನ ಲೆಕ್ಕ ಮಾತ್ರ; ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ನಾವೇ ಹೇಳಬೇಕು. 700x25 ಟೈರಿಗೆ ಸುತ್ತಳತೆ ಸುಮಾರು 2105 ಮಿಲಿಮೀಟರ್, 700x32 ಟೈರಿಗೆ ಸುಮಾರು 2155. ನಗರದ ಗುಂಡಿಗಳಿಗೆ ಅಂಜಿ ದಪ್ಪ ಟೈರ್ ಹಾಕಿಸಿಕೊಂಡವರು ಹಳೆಯ ಅಂಕಿಯನ್ನೇ ಉಳಿಸಿಕೊಂಡರೆ, ನೂರು ಕಿಲೋಮೀಟರ್ ತುಳಿದಾಗ ಪರದೆಯಲ್ಲಿ ದೂರ ಎರಡು ಕಿಲೋಮೀಟರಿಗೂ ಮೀರಿ ಕಡಿಮೆ ಬರುತ್ತದೆ. ಆದ್ದರಿಂದ ಟೈರ್ ಸುತ್ತಳತೆಯ ಸಿದ್ಧ ಪಟ್ಟಿಯನ್ನು ನಂಬುವುದಕ್ಕಿಂತ ಅಳೆಯುವುದೇ ಲೇಸು. ಟೈರಿಗೆ ಎಂದಿನಷ್ಟೇ ಗಾಳಿ ತುಂಬಿಸಿ, ವಾಲ್ವ್ ನೆಲದ ಕಡೆಗೆ ನೇರವಾಗಿರುವಾಗ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ನೀವು ಸೀಟಿನ ಮೇಲೆ ಕುಳಿತುಕೊಳ್ಳಿ, ಇನ್ನೊಬ್ಬರು ಹಿಡಿದುಕೊಂಡು ಸೈಕಲನ್ನು ನೇರವಾಗಿ ಮುಂದಕ್ಕೆ ನೂಕಲಿ. ವಾಲ್ವ್ ಮತ್ತೆ ಕೆಳಕ್ಕೆ ಬಂದಲ್ಲಿ ಎರಡನೆಯ ಗೆರೆ ಎಳೆದು ನಡುವಣ ದೂರವನ್ನು ಟೇಪಿನಿಂದ ಅಳೆಯಿರಿ. ದೇಹದ ಭಾರಕ್ಕೆ ಟೈರ್ ತುಸು ತಗ್ಗುವುದರಿಂದ ಕುಳಿತು ಅಳೆದದ್ದೇ ನಿಜವಾದ ಅಳತೆ. ಸೆನ್ಸರ್ ಕೂರಿಸಿದ ಚಕ್ರವನ್ನೇ ಅಳೆಯಬೇಕೆಂಬುದು ನೆನಪಿರಲಿ.

ಜೋಡಣೆಯನ್ನು ಫೋನಿನ ಬ್ಲೂಟೂತ್ ಪಟ್ಟಿಯಿಂದ ಮಾಡದೆ, ಬಳಸುವ ಆ್ಯಪ್ ಅಥವಾ ಸೈಕಲ್ ಕಂಪ್ಯೂಟರಿನ ಒಳಗಿನಿಂದಲೇ ಮಾಡಿ. ಚಕ್ರವನ್ನೂ ಕ್ರ್ಯಾಂಕನ್ನೂ ಕೆಲವು ಸುತ್ತು ತಿರುಗಿಸಿದರೆ ಸೆನ್ಸರ್ ಎಚ್ಚರಗೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಹತ್ತಾರು ಸವಾರರು ಸೇರಿರುವಲ್ಲಿ ಇದನ್ನು ಮಾಡಹೊರಟರೆ ಪಕ್ಕದವರ ಸೆನ್ಸರ್ ಸಿಕ್ಕಿಕೊಳ್ಳಬಹುದಾದ್ದರಿಂದ ಮನೆಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಬ್ಲೂಟೂತಿನಲ್ಲಿ ಹಲವು ಸೆನ್ಸರ್‌ಗಳು ಏಕಕಾಲಕ್ಕೆ ತಲಾ ಒಂದೇ ಸಾಧನದೊಡನೆ ಮಾತ್ರ ಮಾತಾಡುತ್ತವೆ. ಸೆನ್ಸರ್‌ಗಳ ಇನ್ನೊಂದು ವೈರ್‌ಲೆಸ್ ಪದ್ಧತಿಯಾದ ಆ್ಯಂಟ್ ಪ್ಲಸ್‌ಗೆ ಆ ಮಿತಿಯಿಲ್ಲ.

ಹೆಚ್ಚಿನ ಸೆನ್ಸರ್‌ಗಳಲ್ಲಿರುವುದು ಸಿಆರ್ 2032 ಎಂಬ ನಾಣ್ಯದಾಕಾರದ ಸೆಲ್. ಸಂಕೇತ ನಡುನಡುವೆ ಕಡಿದುಹೋಗತೊಡಗಿದರೆ ಮೊದಲು ಅದನ್ನು ಬದಲಿಸಿ ನೋಡಿ, ಮುಚ್ಚಳ ಹಾಕುವಾಗ ಒಳಗಿನ ರಬ್ಬರ್ ಉಂಗುರ ಸರಿಯಾಗಿ ಕುಳಿತಿದೆಯೇ ಎಂದು ಪರೀಕ್ಷಿಸಿ, ಇಲ್ಲವಾದರೆ ಮುಂದಿನ ಮಳೆಗೇ ನೀರು ಒಳಗಿಳಿಯುತ್ತದೆ.