ಕಟ್ಟು ಬಿಚ್ಚುವ ಮೊದಲು

ಶಿಕ್ಷಕಿಯೊಬ್ಬರ ಹನ್ನೊಂದು ದಿನಚರಿಗಳನ್ನೂ ಅವರಿಗೆ ಬಂದ ಸುಮಾರು ಆರುನೂರು ಪತ್ರಗಳನ್ನೂ ಕುಟುಂಬದವರು ನಾನು ಕೆಲಸ ಮಾಡುವ ಗ್ರಂಥಾಲಯದ ಹಸ್ತಪ್ರತಿ ವಿಭಾಗಕ್ಕೆ ಒಪ್ಪಿಸಿದರು. ಅವುಗಳನ್ನು ಜೋಡಿಸಿ ವಿವರಣಾತ್ಮಕ ಸೂಚಿ ಸಿದ್ಧಪಡಿಸುವ ಹೊಣೆ ನನ್ನದಾಯಿತು. ಅದಕ್ಕೂ ಕೆಲವು ವರ್ಷಗಳ ಹಿಂದೆ ಬೇರೊಂದು ಸಂಗ್ರಹದ ಪತ್ರಗಳನ್ನೆಲ್ಲ ಓದುಗರಿಗೆ ಅನುಕೂಲವಾಗಲೆಂದು ನಾನು ತಾರೀಖಿನ ಪ್ರಕಾರ ಜೋಡಿಸಿಬಿಟ್ಟಿದ್ದೆ; ಯಾವ ಪತ್ರ ಯಾವ ಕಟ್ಟಿನಲ್ಲಿತ್ತು ಎಂಬುದು ಅಲ್ಲಿಗೆ ಅಳಿಸಿಹೋಯಿತು, ಆ ನಷ್ಟವನ್ನು ತುಂಬಿಕೊಡಲು ನನ್ನಿಂದ ಇಂದಿಗೂ ಆಗಿಲ್ಲ. ಆದ್ದರಿಂದ ಈ ಬಾರಿ ಯಾವ ದಾರವನ್ನೂ ಬಿಚ್ಚುವ ಮೊದಲು ಪ್ರತಿ ಕಟ್ಟಿನ ಛಾಯಾಚಿತ್ರ ತೆಗೆದು, ಅದಕ್ಕೊಂದು ಸಂಖ್ಯೆ ಕೊಟ್ಟು, ಒಳಗಿನ ಪತ್ರಗಳ ಕ್ರಮವನ್ನು ಬರೆದಿಟ್ಟುಕೊಂಡೆ.

ಏಳನೆಯ ಕಟ್ಟಿನಲ್ಲಿ ನಾಲ್ವರು ಬೇರೆ ಬೇರೆ ವ್ಯಕ್ತಿಗಳು ಬೇರೆ ಬೇರೆ ವರ್ಷಗಳಲ್ಲಿ ಬರೆದ ಪತ್ರಗಳಿದ್ದವು. ಮೊದಲ ನೋಟಕ್ಕೆ ಅವು ಹೇಗೋ ಕಲೆತುಹೋದಂತೆ ಕಂಡವು. ದಿನಚರಿಗಳನ್ನು ಓದುತ್ತ ಹೋದಾಗ, ಕೆಲಸ ಬಿಡಬೇಕೇ ಬೇಡವೇ ಎಂದು ಆಕೆ ತೊಳಲಾಡಿದ ದಿನಗಳಲ್ಲಿ ತಮಗೆ ಧೈರ್ಯ ಕೊಟ್ಟ ಮಾತುಗಳನ್ನೆಲ್ಲ ಒಂದೆಡೆ ಸೇರಿಸಿಟ್ಟುಕೊಂಡಿದ್ದರೆಂದು ತಿಳಿಯಿತು. ಪತ್ರ ಬರೆದವರ ಹೆಸರಿನ ಪ್ರಕಾರ ವಿಂಗಡಿಸಿದ್ದರೆ ಒಂದೊಂದು ಪತ್ರವೂ ಉಳಿಯುತ್ತಿತ್ತು, ಆದರೆ ಅವನ್ನು ಒಟ್ಟಿಗೆ ಕಟ್ಟಿದ ಕೈಯ ಉದ್ದೇಶ ಉಳಿಯುತ್ತಿರಲಿಲ್ಲ.

ಹೆಚ್ಚು ಕಾಲ ಹಿಡಿದದ್ದು ತಾರೀಖಿನ ಕೆಲಸ. ಆಪ್ತರು ಬರೆಯುವಾಗ ವರ್ಷವನ್ನು ನಮೂದಿಸುವುದು ಕಡಿಮೆ. 'ಬುಧವಾರ, 14ನೇ ತಾರೀಖು' ಎಂದಷ್ಟೇ ಇರುತ್ತದೆ. ಅಂಚೆ ಮುದ್ರೆ ನೆರವಾಗುತ್ತದೆ, ಆದರೆ ಲಕೋಟೆಗಳು ಅದಲುಬದಲಾಗಿರುವ ಸಾಧ್ಯತೆ ಇರುವುದರಿಂದ ಮಡಿಕೆಯ ಗುರುತು ಲಕೋಟೆಯ ಅಳತೆಗೆ ಹೊಂದುತ್ತದೆಯೇ ಎಂದು ನೋಡಲೇಬೇಕು. ತಿಂಗಳು ಗೊತ್ತಿದ್ದರೆ ವಾರದಿಂದಲೂ ವರ್ಷವನ್ನು ಊಹಿಸಬಹುದು: ಒಂದೇ ತಾರೀಖು ಅದೇ ವಾರಕ್ಕೆ ಮರಳಿ ಬರುವುದು ಸಾಮಾನ್ಯವಾಗಿ 5, 6 ಅಥವಾ 11 ವರ್ಷಗಳ ಅಂತರದಲ್ಲಿ, ಹಾಗಾಗಿ ಉಳಿಯುವ ಎರಡು ಮೂರು ವರ್ಷಗಳಲ್ಲಿ ಸರಿಯಾದುದನ್ನು ದಿನಚರಿಯೇ ತೋರಿಸಿಕೊಡುತ್ತದೆ. ದಿನಚರಿಯ ಮೇಲೆ ಅಚ್ಚಾದ ವರ್ಷವನ್ನೂ ನಾನು ಪರೀಕ್ಷಿಸದೆ ನಂಬಲಿಲ್ಲ. ಹಿಂದಿನ ವರ್ಷದ ಖಾಲಿ ಪುಸ್ತಕದಲ್ಲೇ ಮುಂದಿನ ವರ್ಷ ಬರೆಯುವವರು ಅನೇಕರಿದ್ದಾರೆ.

ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆದು, ಪತ್ರಗಳನ್ನು ಆಮ್ಲರಹಿತ ಕಾಗದದ ಕಡತಗಳಲ್ಲಿ ಬಿಡಿಸಿಟ್ಟೆ. ಪುಟಸಂಖ್ಯೆ ಹಾಕಲು ಮೆದುವಾದ ಪೆನ್ಸಿಲನ್ನು ಮಾತ್ರ ಬಳಸಿದೆ. ಕೈಗವಸು ತೊಡಲಿಲ್ಲ, ಏಕೆಂದರೆ ಬಟ್ಟೆಯ ಗವಸಿನಲ್ಲಿ ಬೆರಳಿನ ಸೂಕ್ಷ್ಮತೆ ಕಡಿಮೆಯಾಗಿ ಹಾಳೆಯ ಅಂಚು ಹರಿಯುವ ಭಯವೇ ಹೆಚ್ಚು. ತೊಳೆದು ಚೆನ್ನಾಗಿ ಒಣಗಿಸಿದ ಕೈ ಸಾಕು. ಕಬ್ಬಿಣದ ಅಂಶವಿರುವ ಹಳೆಯ ಮಸಿ ಕಾಗದವನ್ನು ತಿಂದು ತೂತು ಮಾಡಿದ್ದ ಹಾಳೆಗಳನ್ನು ಮುಟ್ಟದೆ ಸಂರಕ್ಷಣಾ ತಜ್ಞರಿಗೆ ಕಳುಹಿಸಿದೆ. ಆ ಮಸಿಗೆ ತೇವ ತಗಲಿದರೆ ಹಾನಿ ಇನ್ನಷ್ಟು ಹರಡುತ್ತದೆ. ಹಿಂದೆ ಯಾರೋ ಅಂಟಿಸಿದ್ದ ಪಾರದರ್ಶಕ ಟೇಪನ್ನೂ ನಾನು ಕೀಳಲಿಲ್ಲ.

ಪತ್ರದ ಕಾಗದ ಗ್ರಂಥಾಲಯಕ್ಕೆ ಸೇರಿದರೂ ಅದರ ಬರಹದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಬರೆದವರದೇ, ಅವರ ನಂತರ ವಾರಸುದಾರರದು. ಪತ್ರ ಪಡೆದವರ ಕುಟುಂಬ ಒಪ್ಪಿದ ಮಾತ್ರಕ್ಕೆ ಅದನ್ನು ಪ್ರಕಟಿಸುವಂತಿಲ್ಲ ಎಂಬುದನ್ನು ಸೂಚಿಯಲ್ಲೇ ಸ್ಪಷ್ಟವಾಗಿ ಬರೆದೆ. ಇನ್ನೂ ಬದುಕಿರುವ ವ್ಯಕ್ತಿಯೊಬ್ಬರ ಕಾಯಿಲೆಯ ವಿವರವಿದ್ದ ಮೂರು ಪತ್ರಗಳನ್ನು, ದಾನಿಗಳೊಡನೆ ಚರ್ಚಿಸಿ, ನಿಗದಿತ ಅವಧಿಯವರೆಗೆ ಮುಚ್ಚಿಡಲಾಯಿತು. ಆದರೆ ಅವು ಇವೆಯೆಂಬುದನ್ನು ನಾನು ಮರೆಮಾಚಲಿಲ್ಲ. ಯಾವ ಕಟ್ಟಿನಲ್ಲಿ ಎಷ್ಟು ಪತ್ರಗಳು, ಎಂದಿನವರೆಗೆ ಓದಲು ಸಿಗುವುದಿಲ್ಲ ಎಂಬುದು ಸೂಚಿಯಲ್ಲಿದೆ.

ಹದಿನಾಲ್ಕು ಪತ್ರಗಳ ವರ್ಷ ಕೊನೆಗೂ ತಿಳಿಯಲಿಲ್ಲ. ಊಹೆಯ ವರ್ಷ ಹಾಕಿ ಅವನ್ನು ಸಾಲಿಗೆ ಸೇರಿಸುವ ಬದಲು, 'ವರ್ಷವಿಲ್ಲ' ಎಂದು ಚೌಕ ಆವರಣದಲ್ಲಿ ನಮೂದಿಸಿ, ಸಿಕ್ಕಿದ ಕಟ್ಟಿನಲ್ಲೇ, ಸಿಕ್ಕಿದ ಜಾಗದಲ್ಲೇ ಉಳಿಸಿದ್ದೇನೆ.