ಹೋಗುವ ಸಾಲು ಮುಂಜಾನೆ, ಬರುವ ಸಾಲು ಸಂಜೆ

ಬಟ್ಟೆಯ ಎಳೆ ಎಣಿಸಿ ಕಸೂತಿ ಹಾಕುವವರಿಗೆ ಎಣಿಕೆ ತಪ್ಪುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಎಳೆ ಆಚೀಚೆ ಆದರೆ ಗೋಪುರದ ಚಿತ್ರದ ತುದಿ ಕೂಡುವುದೇ ಇಲ್ಲ. ನನಗೆ ಮಕ್ಕಳು ಎರಡು. ಮಗಳು 7ನೇ ತರಗತಿ, ಮಗ 4ನೇ ತರಗತಿ. ಧಾರವಾಡದ ಮಾಳಮಡ್ಡಿಯಲ್ಲಿ ಎರಡು ಕೋಣೆಯ ಮನೆ. "ಹುಡುಗ್ರು ದೊಡ್ಡವಾಗ್ಲಿ, ಆಮ್ಯಾಲೆ ಸೂಜಿ ಹಿಡಿಯುವಂತಿ ತಗೋ" ಅಂತ ಅತ್ತೆ ಹೇಳಿದ್ದರು. ನಾನು ಕಾಯಲಿಲ್ಲ. ಹೋದ ದೀಪಾವಳಿಯಿಂದ ಈಚೆಗೆ 5 ಸೀರೆ, ಹನ್ನೊಂದೋ ಹನ್ನೆರಡೋ ಕಣ, ಅಂದರೆ ಕುಪ್ಪಸದ ಬಟ್ಟೆ, ಮುಗಿಸಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಮಕ್ಕಳು ಮಲಗಿದ ಮೇಲೆ ರಾತ್ರಿ 10ರಿಂದ 12ರವರೆಗೆ ಕೂತು ನೋಡಿದೆ. ಚಂದ್ರಕಾಳಿ ಅನ್ನುವ ಕಪ್ಪು ಸೀರೆಯ ಎಳೆ ಬಲ್ಬಿನ ಬೆಳಕಿಗೆ ಕಾಣುವುದೇ ಇಲ್ಲ. ಮುಂಜಾನೆ ಏಳುವುದು ತಡ, ಮಕ್ಕಳ ಡಬ್ಬಿ ತಡ, ಮನೆಯಲ್ಲಿ ಎಲ್ಲರಿಗೂ ಸಿಟ್ಟು. ಆಮೇಲೆ ಅವರು ಶಾಲೆಗೆ ಹೋದ ಹೊತ್ತಿನಲ್ಲೇ ಎಲ್ಲಾ ಮಾಡಬೇಕು ಅಂದುಕೊಂಡೆ. ನಳದ ನೀರು ಬಂದ ದಿನ ಅರ್ಧ ದಿನ ಅದಕ್ಕೇ ಹೋಯಿತು. ಶನಿವಾರ ಮುಂಜಾನೆ ಶಾಲೆ, ಬಹಳ ಬೇಗ ಮನೆಗೆ ಬಂದುಬಿಡುತ್ತಾರೆ. ಜುಲೈದಾಗ ಮಳೆ ಹಿಡಿದರೆ ದಿಢೀರ್ ಸೂಟಿ. ಒಂದು ಸೀರೆಗೆ ಹೆಚ್ಚುಕಡಿಮೆ 70 ದಿನ ಹಿಡಿಯಿತು.

ದೊಡ್ಡ ಪೆಟ್ಟು ಬಿದ್ದದ್ದು ಒಂದು ಇಳಕಲ್ ಸೀರೆಯಲ್ಲಿ. ಸೆರಗಿನ ಮೇಲೆ ಗೋಪುರ ನಡೆದಿತ್ತು. ಮಗ ಓಡಿ ಬಂದು "ಅವ್ವಾ, ನನ್ನ ಕಂಪಾಸ್ ಪೆಟ್ಟಿಗೆ ಎಲ್ಲೈತಿ?" ಅಂದ. ಉತ್ತರ ಕೊಟ್ಟು ಮತ್ತೆ ಸೂಜಿ ಚುಚ್ಚಿದೆ. 3 ದಿನ ಆದ ಮೇಲೆ ಗೊತ್ತಾಯಿತು, ಅಲ್ಲಿ ಒಂದು ಎಳೆ ಜಾಸ್ತಿ ಹೋಗಿದೆ ಅಂತ. ಬಿಚ್ಚಿದಾಗ ರೇಷ್ಮೆ ಸೆರಗಿನಲ್ಲಿ ತೂತು ಎದ್ದು ಕಂಡವು. ತೆಗೆದುಕೊಳ್ಳುವವರು ಬೇಡ ಅಂದರು. ಸೀರೆ, ದಾರ, ಕೂಲಿ ಎಲ್ಲಾ ಸೇರಿ ಸುಮಾರು 8,000 ರೂಪಾಯಿ ಹೋಯಿತು. ಆ ಸೀರೆ ಇನ್ನೂ ನನ್ನ ಹತ್ತಿರವೇ ಇದೆ.

ಅದನ್ನು ಬಿಚ್ಚುತ್ತಾ ಕೂತಾಗಲೇ ನನಗೆ ಹೊಳೆದದ್ದು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತೇವೆ, ಎಣಿಕೆ ಬೇಕಾಗುವುದು ಆ ಹೋಗುವ ಸಾಲಿಗೆ ಮಾತ್ರ. ಬರುವಾಗ ಬಿಟ್ಟ ಜಾಗ ತುಂಬುವುದಷ್ಟೇ ಕೆಲಸ, ಅಲ್ವಾ? ಮೆಟ್ಟಿಲಿನಂತೆ ಸಾಗುವ ಮುರಗಿ ಹೊಲಿಗೆಯೂ ಹಾಗೆಯೇ. ಹೋಗುವಾಗ ಅಡ್ಡ ಮೆಟ್ಟಿಲು ಬೀಳುತ್ತವೆ, ಬರುವಾಗ ನಿಂತ ಮೆಟ್ಟಿಲು ತಾವೇ ಕೂಡುತ್ತವೆ. ಅಂದರೆ ಅರ್ಧ ಕೆಲಸ ಮಕ್ಕಳ ಗಲಾಟೆಯನ್ನು ತಾಳಿಕೊಳ್ಳುತ್ತದೆ, ಅರ್ಧ ತಾಳಿಕೊಳ್ಳುವುದಿಲ್ಲ. ನಾನು ಇಷ್ಟು ದಿನ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡುತ್ತಿದ್ದೆ.

ಈಗ 5 ಗಂಟೆಗೆ ಏಳುತ್ತೇನೆ. ಒಂದು ಚಹಾ. 6:15ರವರೆಗೆ ಹೋಗುವ ಸಾಲು ಮಾತ್ರ. ಒಂದು ಚಿತ್ರದ ಹೋಗುವ ಸಾಲು ಮುಗಿದರೆ ಸೂಜಿಯನ್ನು ಅಲ್ಲೇ ಜೋತುಬಿಟ್ಟು ಬೇರೆ ಸೂಜಿಯಿಂದ ಮುಂದಿನ ಚಿತ್ರ ಹಿಡಿಯುತ್ತೇನೆ. ಡಬ್ಬಿ ಕಟ್ಟುವ ಹೊತ್ತಿಗೆ ಸೆರಗಿನಿಂದ ಏಳೆಂಟು ಸೂಜಿ ಜೋತಾಡುತ್ತಿರುತ್ತವೆ. ಸಂಜೆ ಮಕ್ಕಳು ಹೋಮ್‌ವರ್ಕಿಗೆ ಕೂತಾಗ ನಾನೂ ಪಕ್ಕದಲ್ಲೇ ಕೂತು ಬರುವ ಸಾಲು ತುಂಬುತ್ತೇನೆ. ಮಗ 7ರ ಮಗ್ಗಿ ಹೇಳುತ್ತಾನೆ, ತಪ್ಪಿದರೆ ತಿದ್ದುತ್ತೇನೆ, ಕೈ ನಿಲ್ಲುವುದಿಲ್ಲ. ನೇಯ್ದಂತೆ ಕಾಣುವ ನೇಯ್ಗಿ ಹೊಲಿಗೆ ಮಾತ್ರ ಶಾಲೆಯ ಹೊತ್ತಿಗೇ ಇಟ್ಟಿದ್ದೇನೆ, ಅದರಲ್ಲಿ ಪ್ರತಿ ಸಾಲಿಗೂ ಲೆಕ್ಕ ಬೇಕು. ಮೆಂತಿಯ, ಅಂದರೆ ಗುಣಾಕಾರದ ಗುರುತಿನಂಥ ಅಡ್ಡ ಹೊಲಿಗೆಯ, ಅಂಚು ಒಮ್ಮೆ ಬಿದ್ದರೆ ಒಳಗೆ ತುಂಬುವುದು ಸಂಜೆಗೆ ನಡೆಯುತ್ತದೆ.

ಇದನ್ನು ಕೇಳಿದ ಗೆಳತಿಯರು ಯಾರೂ ನಂಬಲಿಲ್ಲ. "ಅರ್ಧಕ್ಕ ಬಿಟ್ಟ ಗವಂತಿ ಕೂಡೂದಿಲ್ಲಕ್ಕಾ, ದಾರದ ಮುಂಜಾನಿ ಜಗ್ಗು ಬ್ಯಾರೆ, ಸಂಜಿ ಜಗ್ಗು ಬ್ಯಾರೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಮೊದಲ ಎರಡು ಕಣದಲ್ಲಿ ಬಟ್ಟೆ ಸುಕ್ಕಾಯಿತು. ಜೋತುಬಿಟ್ಟ ದಾರವನ್ನು ಹೇಗೆ ನಿಲ್ಲಿಸಬೇಕು ಅನ್ನುವುದು ಮೂರನೆಯದರಲ್ಲಿ ಸಿಕ್ಕಿತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ನನ್ನ ಕೂಲಿ ನಿಂತಿರುವುದೇ ಅದರ ಮೇಲೆ. ಈಗ ಅದೇ ಗೆಳತಿಯರಿಗೆ ಸೀರೆ ತೋರಿಸಿ ಎಲ್ಲಿ ಬಿಟ್ಟಿದ್ದೆ ಹುಡುಕಿರಿ ಅಂದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು, ಸಿಗಲಿಲ್ಲ.

ಸೂಜಿಗಳದ್ದು ದೊಡ್ಡ ಚಿಂತೆ. ಒಮ್ಮೆ ಒಂದು ಸೂಜಿ ಹಾಸಿಗೆಯಲ್ಲಿ ಬಿದ್ದು ರಾತ್ರಿಯೆಲ್ಲಾ ಹುಡುಕಿದ್ದೆವು. ಈಗ 12 ಸೂಜಿ, ಒಂದೂ ಹೆಚ್ಚಿಲ್ಲ. ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಒಂದಿದೆ. ರಾತ್ರಿ ಮಲಗುವ ಮುಂಚೆ ಮಗ ಜೋತುಬಿದ್ದವನ್ನೂ ಅಯಸ್ಕಾಂತಕ್ಕೆ ಅಂಟಿದವನ್ನೂ ಸೇರಿಸಿ ಎಣಿಸುತ್ತಾನೆ, 12 ಆದರೆ ದೀಪ ಆರಿಸುತ್ತೇವೆ. ಖಾಲಿ ಸೂಜಿಗೆ ದಾರ ಪೋಣಿಸುವುದೂ ಅವನೇ, ಅವನ ಕಣ್ಣು ಚುರುಕು. ವಾರಕ್ಕೆ 10 ರೂಪಾಯಿ ಕೊಡುತ್ತೇನೆ.

ಕಪ್ಪು ಬಟ್ಟೆಯ ಮಾತು ಬಂತಲ್ಲ, ಮಡಿಲಲ್ಲಿ ಬಿಳಿ ಪಂಚೆ ಹಾಸಿಕೊಂಡು ಅದರ ಮೇಲೆ ಸೀರೆ ಹಿಡಿಯಿರಿ. ಎಳೆಗಳ ನಡುವಿನ ಸಂದಿ ಬೆಳ್ಳಗೆ ಕಾಣುತ್ತದೆ. ಆಗ ಬಲ್ಬಿನ ಬೆಳಕೂ ಸಾಕಾಗುತ್ತದೆ.

ನಡುವೆ ಬೇರೆ ಒಂದು ಪ್ರಯೋಗವನ್ನೂ ಮಾಡಿದೆ. ಮಗಳ ಗಣಿತದ ಗ್ರಾಫ್ ಪುಸ್ತಕದಲ್ಲಿ ತುಳಸಿ ಕಟ್ಟೆ, ನವಿಲು, ತೊಟ್ಟಿಲು ಬರೆಸಿದೆ. ಬೇಸಿಗೆ ಸೂಟಿಯಲ್ಲಿ ಅವಳೇ ನಮ್ಮ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಒಂದನ್ನು ಬರೆದಳು, ಬಾಗಿಲು ಕಿಟಕಿ ಎಲ್ಲಾ ಚೌಕದ ಲೆಕ್ಕಕ್ಕೆ ಸರಿಯಾಗಿ. ಎಳೆ ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆಯ ಚೀಲದ ಮೇಲೆ ಅದನ್ನೇ ಹಾಕಿದೆ. ಅಂಥ 6 ಚೀಲ ಹೋದವು, ತಲಾ 350ಕ್ಕೆ. ಆದರೆ ಅದೇ ಸೂಟಿಯಲ್ಲಿ ಅವಳ ನೀಲಿ ಸ್ಕೆಚ್ ಪೆನ್ನು ಒಂದು ಕಣದ ಮೇಲೆ ಬಿದ್ದು ಕಲೆ ಉಳಿಯಿತು, 900 ರೂಪಾಯಿ ನಾನೇ ಕಟ್ಟಿಕೊಟ್ಟೆ. ಅಂದಿನಿಂದ ಸ್ಕೆಚ್ ಪೆನ್ನು ಆ ಚಾಪೆಗೆ ಬರುವ ಹಾಗಿಲ್ಲ.

ಸೀರೆಗೆ ಈಗ ನಲವತ್ತು ನಲವತ್ತೈದು ದಿನ. ಕೂಲಿ 7,000ದ ಆಸುಪಾಸು, ಚಿತ್ರ ದಟ್ಟವಾಗಿದ್ದರೆ ಜಾಸ್ತಿ. ತಿಂಗಳಿಗೆ ಹಂಚಿದರೆ ನಾಲ್ಕೂವರೆಯಿಂದ ಐದು ಸಾವಿರದ ಆಸುಪಾಸು ಬೀಳುತ್ತದೆ. ಮಕ್ಕಳ ಶಾಲೆಯ ವ್ಯಾನಿನ ಖರ್ಚು ಪೂರ್ತಿ ಅದರಲ್ಲೇ ನಡೆಯುತ್ತದೆ. ಪರೀಕ್ಷೆಯ ಮಾರ್ಚ್ ತಿಂಗಳಲ್ಲಿ ಮಾತ್ರ ಯಾವ ಸೀರೆಯನ್ನೂ ಒಪ್ಪಿಕೊಳ್ಳುವುದಿಲ್ಲ.

ಸದ್ಯ ಚಂದ್ರಕಾಳಿಯ ಮೇಲೆ ಆನೆಸಾಲು ನಡೆದಿದೆ. 17 ಆನೆಗಳ ಹೋಗುವ ಸಾಲು ಮುಗಿದಿದೆ, 11 ತುಂಬಿವೆ. ನಿನ್ನೆ ಸಂಜೆ ಅತ್ತೆ ಬಂದು ಮಗನ ಪಕ್ಕ ಕೂತು, ಕನ್ನಡಕ ಹಾಕಿಕೊಂಡು ಒಂದು ಆನೆಯ ಸೊಂಡಿಲು ತುಂಬಿ ಹೋದರು.