ಒಂದೇ ಪ್ರಕರಣ ಹಿಡಿದು ನೀತಿಶಾಸ್ತ್ರ ಕಲಿಸಿದ್ದು

ನರ್ಸಿಂಗ್ ವಿದ್ಯಾರ್ಥಿಗಳಿಗೆ ನೀತಿಶಾಸ್ತ್ರದ ಪರಿಚಯ ಮಾಡಿಕೊಡುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಾನು ಓದಿದ್ದು ತತ್ವಶಾಸ್ತ್ರ. ನನ್ನೆದುರು ಕೂತವರು ರಾತ್ರಿ ಪಾಳಿ ಮುಗಿಸಿ ನೇರ ತರಗತಿಗೆ ಬಂದವರು. ಈ ವಿಷಯವನ್ನು ಬೇರೆಯವರೂ ಕಲಿಸುತ್ತಾರೆ, ಕೆಲವರು ಸ್ವಂತ ಆಸಕ್ತಿಯಿಂದ ಓದುತ್ತಾರೆ. ಅವರಿಗೆ ಉಪಯೋಗವಾಗಲಿ ಎಂದು ನಾನು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರಿಚಯದ ಪುಸ್ತಕಗಳು ಅಧ್ಯಾಯಕ್ಕೊಂದು ಹೊಸ ಉದಾಹರಣೆ ಕೊಡುತ್ತವೆ. ಹೆಚ್ಚು ಜನರಿಗೆ ಹೆಚ್ಚು ಸುಖ ತರುವುದೇ ಸರಿ ಎನ್ನುವ ಉಪಯುಕ್ತತಾವಾದಕ್ಕೆ, ಐವರನ್ನು ಉಳಿಸಲು ಒಬ್ಬನಿರುವ ಹಳಿಗೆ ತಿರುಗಿಸಬೇಕಾದ ಟ್ರಾಲಿ, ಜರ್ಮನ್ ತತ್ವಜ್ಞಾನಿ ಕಾಂಟ್‌ಗೆ ಸುಳ್ಳು ಹೇಳಬಹುದೇ ಎಂಬ ಪ್ರಶ್ನೆ, ಅರಿಸ್ಟಾಟಲ್‌ಗೆ ಧೈರ್ಯಶಾಲಿ ಸೈನಿಕ. ಹೀಗೆ ಮಾಡಿದರೆ ಪ್ರತಿ ಸಿದ್ಧಾಂತವೂ ತನ್ನ ಮನೆಯಂಗಳದಲ್ಲೇ ಆಡಿ ಗೆದ್ದುಬಿಡುತ್ತದೆ. ವಿದ್ಯಾರ್ಥಿಗೆ ಎಲ್ಲವೂ ಸರಿ ಎನಿಸುತ್ತದೆ, ಯಾವುದೂ ಒಳಗೆ ಇಳಿಯುವುದಿಲ್ಲ. ಹಾಗಾಗಿ ನಾನು ಇಡೀ ಸೆಮಿಸ್ಟರಿಗೆ ಒಂದೇ ಪ್ರಕರಣ ಇಟ್ಟುಕೊಂಡೆ. ಅದು ಅರುಣಾ ಶಾನಭಾಗ ಅವರದು.

ಅರುಣಾ ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದವರು, ಮುಂಬೈ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ಒಬ್ಬ ನಾಯಿ ಕಟ್ಟುವ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಲೈಂಗಿಕ ಹಲ್ಲೆ ಮಾಡಿದ. ಮೆದುಳಿಗೆ ಆಮ್ಲಜನಕ ಹೋಗದೆ ಅವರು ಮತ್ತೆಂದೂ ಮಾತಿಗೆ, ಓಡಾಟಕ್ಕೆ ಮರಳಲಿಲ್ಲ. ಆಗ ಅವರಿಗೆ 25 ವರ್ಷ. ಅಲ್ಲಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನರ್ಸ್‌ಗಳು ಪಾಳಿಯ ಮೇಲೆ ಪಾಳಿ ಅವರನ್ನು ನೋಡಿಕೊಂಡರು. ಆಹಾರ ಪೂರೈಕೆ ನಿಲ್ಲಿಸಿ ಅವರು ಶಾಂತವಾಗಿ ಸಾಯಲು ಬಿಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರ ತೀರ್ಪು ಆ ಕೋರಿಕೆಯನ್ನು ಒಪ್ಪಲಿಲ್ಲ. ಆದರೆ ಕೆಲವು ಷರತ್ತುಗಳ ಮೇಲೆ, ಹೈಕೋರ್ಟಿನ ಅನುಮತಿಯೊಂದಿಗೆ, ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದು ಎಂದು ದೇಶದಲ್ಲಿ ಮೊದಲ ಬಾರಿಗೆ ದಾರಿ ತೆರೆಯಿತು.

ಈ ಪ್ರಕರಣವನ್ನು ನಾನು ಆರಿಸಿದ್ದಕ್ಕೆ ಕಾರಣ ಸರಳ. ಹಾಸಿಗೆಯಲ್ಲಿದ್ದವರೂ ನರ್ಸ್, ಪಕ್ಕದಲ್ಲಿ ನಿಂತವರೂ ನರ್ಸ್. ನನ್ನ ವಿದ್ಯಾರ್ಥಿಗಳು ಎರಡೂ ಕಡೆ ತಮ್ಮನ್ನು ಇಟ್ಟು ನೋಡಬಲ್ಲರು.

ಮೊದಲ ತರಗತಿಯಲ್ಲಿ ಅಭಿಪ್ರಾಯಕ್ಕೆ ಅವಕಾಶವಿಲ್ಲ. ತೀರ್ಪಿನಲ್ಲಿರುವ ವೈದ್ಯಕೀಯ ವಿವರಗಳನ್ನಷ್ಟೇ ಓದುತ್ತೇವೆ. ಮೂವರು ತಜ್ಞರ ತಂಡ ಪರೀಕ್ಷಿಸಿ, ಶಾಶ್ವತ ಜಡಸ್ಥಿತಿಯ (ಕಣ್ಣು ತೆರೆದಿದ್ದರೂ ಅರಿವಿಲ್ಲದ ಸ್ಥಿತಿಯ) ಬಹುತೇಕ ಲಕ್ಷಣಗಳು ಇವರಲ್ಲಿವೆ ಎಂದಿತು. ಆದರೆ ಮೆದುಳು ಸತ್ತಿರಲಿಲ್ಲ, ಉಸಿರಾಟಕ್ಕೆ ಯಂತ್ರ ಬೇಕಿರಲಿಲ್ಲ. ಇಷ್ಟನ್ನು ಕಪ್ಪು ಹಲಗೆಯ ಎಡಕ್ಕೆ ಬರೆದು, ಬಲಕ್ಕೆ ‘ಏನು ಮಾಡಬೇಕಿತ್ತು’ ಎಂದು ಬರೆಯುತ್ತೇನೆ. ಎಡಗಡೆಯ ಎಷ್ಟು ಸಾಲು ಕೂಡಿಸಿದರೂ ಬಲಗಡೆಯದು ತಾನಾಗಿ ಹುಟ್ಟುವುದಿಲ್ಲ ಎಂಬುದು ತತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಎತ್ತಿ ತೋರಿಸಿದ ಸಂಗತಿ. ಇರುವುದರಿಂದ ಇರಬೇಕಾದದ್ದಕ್ಕೆ ಹಾರುವಾಗ ನಡುವೆ ಒಂದು ಮೌಲ್ಯವನ್ನು ಸೇರಿಸಲೇಬೇಕು. ‘ವೈದ್ಯಕೀಯವಾಗಿ ಇದೇ ಸರಿ’ ಎಂಬ ಮಾತು ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟೋ ಬಾರಿ ಕಿವಿಗೆ ಬೀಳುತ್ತದೆ. ಅದರೊಳಗೆ ಯಾವ ಮೌಲ್ಯ ಅಡಗಿ ಕೂತಿದೆ ಎಂದು ಹುಡುಕುವುದೇ ಅವರಿಗೆ ನಾನು ಕೊಡುವ ಮೊದಲ ಅಭ್ಯಾಸ.

ಎರಡನೆಯ ತರಗತಿಯಲ್ಲಿ ಯಾರಾದರೂ ಒಬ್ಬರು ‘ಅವರವರ ಭಾವಕ್ಕೆ ಬಿಟ್ಟದ್ದು ಸಾರ್’ ಎಂದು ಹೇಳಿಯೇ ಹೇಳುತ್ತಾರೆ. ಈ ಸಾಪೇಕ್ಷವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬೇರೆಯವರ ನಂಬಿಕೆಯ ಬಗ್ಗೆ ಗೌರವ ಇರುವವರೇ ಹೀಗೆ ಮಾತಾಡುವುದು. ಆದರೆ ಒಂದು ಪ್ರಶ್ನೆ ಕೇಳುತ್ತೇನೆ: ಅರುಣಾ ಮೇಲಿನ ಹಲ್ಲೆಯೂ ಭಾವಕ್ಕೆ ಬಿಟ್ಟದ್ದೇ? ತರಗತಿಯಲ್ಲಿ ಯಾರೂ ಹೌದು ಎಂದಿಲ್ಲ. ಹಾಗಾದರೆ ಕೆಲವಾದರೂ ಸಂಗತಿಗಳಲ್ಲಿ ಕಾರಣ ಕೊಟ್ಟು ವಾದಿಸಬಹುದು ಎಂದಾಯಿತು. ಸಿದ್ಧಾಂತಗಳು ಬೇಕಾಗುವುದು ಇಲ್ಲಿಂದ ಮುಂದೆ.

ಉಪಯುಕ್ತತಾವಾದವನ್ನು ರೂಪಿಸಿದ ಬೆಂಥಮ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ವಾರ್ಡಿನಲ್ಲಿ ಇದ್ದವರಿಗೆ ಅವನ ಭಾಷೆ ಬೇಗ ಹತ್ತಿರವಾಗುತ್ತದೆ. 1789ರಲ್ಲಿ ಪ್ರಕಟವಾದ ಅವನ ಗ್ರಂಥ ಸುಖದುಃಖಗಳನ್ನು ತೀವ್ರತೆ, ಅವಧಿ, ಖಚಿತತೆ ಮುಂತಾದ ಏಳು ಅಳತೆಗಳಲ್ಲಿ ತೂಗುತ್ತದೆ, ಎಷ್ಟು ಜನರಿಗೆ ತಟ್ಟುತ್ತದೆ ಎಂಬುದೂ ಅದರಲ್ಲಿ ಸೇರಿದೆ. ಹಾಸಿಗೆ, ಸಿಬ್ಬಂದಿ, ಔಷಧ ಎಲ್ಲವೂ ಕಡಿಮೆ ಇರುವ ಸರ್ಕಾರಿ ಆಸ್ಪತ್ರೆಯಲ್ಲಿ ಈ ಲೆಕ್ಕ ಕ್ರೂರವಲ್ಲ, ಅನಿವಾರ್ಯ. ಒಬ್ಬರಿಗೆ ಮೀಸಲಾದ ಕೋಣೆ ಅಷ್ಟು ವರ್ಷಗಳಲ್ಲಿ ಎಷ್ಟು ರೋಗಿಗಳಿಗೆ ಆಗುತ್ತಿತ್ತು ಎಂದು ವಿದ್ಯಾರ್ಥಿಗಳೇ ಕೇಳುತ್ತಾರೆ. ಆದರೆ ಬೆಂಥಮ್ ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಪ್ರಾಣಿಗಳ ಬಗ್ಗೆ ಬರೆಯುತ್ತಾ, ಅವು ಯೋಚಿಸಬಲ್ಲವೇ, ಮಾತಾಡಬಲ್ಲವೇ ಎಂಬುದಲ್ಲ ಪ್ರಶ್ನೆ, ನೋವು ಪಡಬಲ್ಲವೇ ಎಂಬುದು ಪ್ರಶ್ನೆ ಎನ್ನುತ್ತಾನೆ. ಈ ಟಿಪ್ಪಣಿ ಓದಿದ ಮೇಲೆ ತರಗತಿಯ ಗಮನ ಕೋಣೆಯ ಲೆಕ್ಕದಿಂದ ಅರುಣಾ ಕಡೆಗೆ ಹೊರಳುತ್ತದೆ. ಅವರಿಗೆ ನೋವಾಗುತ್ತಿತ್ತೇ? ಇಷ್ಟವಾದದ್ದು, ಆಗದ್ದು ಗೊತ್ತಾಗುತ್ತಿತ್ತೇ? ಮಾತಿಲ್ಲದ ರೋಗಿಯ ಮುಖ ಓದುವುದು ನರ್ಸ್‌ಗಳಿಗೆ ಗೊತ್ತಿರುವ ಕೆಲಸ. ತತ್ವಶಾಸ್ತ್ರ ಓದಿದ ನನಗಿಂತ ಅವರು ಇಲ್ಲಿ ಹೆಚ್ಚು ನಿಖರವಾಗಿ ಮಾತಾಡುತ್ತಾರೆ.

ಉಪಯುಕ್ತತಾವಾದ ಎಲ್ಲಿ ಎಡವುತ್ತದೆ ಎಂಬುದೂ ಈ ಪ್ರಕರಣದಲ್ಲೇ ಕಾಣುತ್ತದೆ. ‘ಗುಣವಾಗದವರನ್ನು ಕೈಬಿಡಬಹುದು’ ಎಂಬ ರೂಢಿ ವಾರ್ಡಿನಲ್ಲಿ ಬೇರೂರಿದರೆ ನಾಳೆ ದಾಖಲಾಗುವ ರೋಗಿ ನಮ್ಮನ್ನು ನಂಬುವುದು ಹೇಗೆ? ಈ ಆಕ್ಷೇಪಕ್ಕೆ ಉತ್ತರವಾಗಿ, ಒಂದೊಂದು ಕೃತ್ಯವನ್ನಲ್ಲ, ನಿಯಮವನ್ನು ತೂಗಬೇಕು ಎಂಬ ಕವಲು ಬೆಳೆಯಿತು. ಬೆಂಥಮ್‌ನ ನಂತರ ಈ ವಾದವನ್ನು ಬೆಳೆಸಿದ ಮಿಲ್‌ನನ್ನು ಇಲ್ಲಿ ಬೇಗ ದಾಟುತ್ತೇನೆ. ಸುಖದಲ್ಲೂ ಮೇಲ್ಮಟ್ಟ ಕೆಳಮಟ್ಟ ಇವೆ ಎಂಬ ಅವನ ವಾದ ಮುಖ್ಯವಾದದ್ದೇ, ಈ ಹಾಸಿಗೆಯ ಪಕ್ಕದಲ್ಲಿ ಅದರಿಂದ ಹೆಚ್ಚು ಸಹಾಯವಿಲ್ಲ.

ಕಾಂಟ್‌ಗೆ ಹೆಚ್ಚು ಸಮಯ ಕೊಡುತ್ತೇನೆ. 1785ರ ಅವನ ಪುಟ್ಟ ಗ್ರಂಥದಿಂದ ಒಂದೇ ಸೂತ್ರ ತೆಗೆದುಕೊಳ್ಳುತ್ತೇನೆ: ಮನುಷ್ಯತ್ವವನ್ನು, ನಿನ್ನಲ್ಲಾಗಲಿ ಇನ್ನೊಬ್ಬರಲ್ಲಾಗಲಿ, ಎಂದೂ ಬರಿಯ ಸಾಧನವಾಗಿ ಬಳಸಬೇಡ, ಅದು ಯಾವಾಗಲೂ ಗುರಿಯೂ ಆಗಿರಲಿ. ಹಾಸಿಗೆ ಖಾಲಿಯಾಗಲಿ ಎಂದು ಒಬ್ಬರನ್ನು ಸಾಯಲು ಬಿಡುವುದು ಈ ಸೂತ್ರಕ್ಕೆ ವಿರುದ್ಧ, ಇದು ಎಲ್ಲರಿಗೂ ಹೊಳೆಯುತ್ತದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನೇ ತಿರುಗಿಸಿ ಕೇಳಿದಳು: ‘ನಮ್ಮ ಸೇವೆಯ ಹೆಮ್ಮೆಗಾಗಿ ಅವರನ್ನು ಉಳಿಸಿಕೊಂಡರೆ ಅದೂ ಸಾಧನ ಮಾಡಿಕೊಂಡಂತೆ ಅಲ್ಲವೇ?’ ಕಾಂಟ್ ಬಗ್ಗೆ ನಾನು ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಇದು ಒಂದು. ಆ ವರ್ಷದಿಂದ ಅದನ್ನು ಪ್ರತಿ ತಂಡದ ಮುಂದೂ ಇಡುತ್ತಿದ್ದೇನೆ.

ಕಾಂಟ್‌ನಲ್ಲಿ ಇನ್ನೂ ಒಂದು ಕಷ್ಟವಿದೆ. ಅವನು ಗೌರವಿಸುವುದು ವಿವೇಕದಿಂದ ತನಗೆ ತಾನೇ ನಿಯಮ ಹಾಕಿಕೊಳ್ಳುವ ಶಕ್ತಿಯನ್ನು. ಆ ಶಕ್ತಿ ಕಳೆದುಹೋದವರ ವಿಷಯದಲ್ಲಿ ಗೌರವ ಯಾವುದಕ್ಕೆ ಅಂಟಿಕೊಳ್ಳಬೇಕು? ಜೊತೆಗೆ, ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದ ಸ್ವಾಯತ್ತತೆಯೂ ಕಾಂಟ್‌ನ ಸ್ವಾಯತ್ತತೆಯೂ ಒಂದೇ ಎಂದು ಕೈಪಿಡಿಗಳು ಬರೆದುಬಿಡುತ್ತವೆ. ಒಂದೇ ಅಲ್ಲ. ರೋಗಿ ಬಯಸಿದ್ದೆಲ್ಲ ಸರಿ ಎಂದು ಕಾಂಟ್ ಎಲ್ಲಿಯೂ ಹೇಳಿಲ್ಲ; ದುಃಖದಿಂದ ಬಿಡುಗಡೆಗಾಗಿ ಪ್ರಾಣ ಕಳೆದುಕೊಳ್ಳುವುದನ್ನು ಅವನು ಸ್ಪಷ್ಟವಾಗಿ ವಿರೋಧಿಸಿದ.

ಆ ಮಾತು ಬಂದಾಗ ನಮ್ಮ ಕಡೆಯ ವಿದ್ಯಾರ್ಥಿಗಳು ಶ್ರವಣಬೆಳಗೊಳವನ್ನು ನೆನೆಯುತ್ತಾರೆ. ಅಲ್ಲಿನ ಚಂದ್ರಗಿರಿ ಬೆಟ್ಟದ ಶಾಸನಗಳಲ್ಲಿ ಸಲ್ಲೇಖನ, ಅಂದರೆ ಆಹಾರವನ್ನು ಹಂತಹಂತವಾಗಿ ತ್ಯಜಿಸಿ ದೇಹ ಬಿಡುವ ಜೈನ ವ್ರತ, ಕೈಗೊಂಡವರ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಜೈನ ವಾದದ ಪ್ರಕಾರ ಇಲ್ಲಿ ಮುಖ್ಯವಾದದ್ದು ಸಾವಿನ ಬಯಕೆ ಅಲ್ಲ, ಬಯಕೆಗಳನ್ನೇ ಕ್ಷೀಣಗೊಳಿಸುವುದು. ಆ ವ್ರತದಲ್ಲಿ ಸಾವಿಗಾಗಿ ಹಂಬಲಿಸುವುದೇ ಒಂದು ದೋಷ. ಕಾಂಟ್ ಎತ್ತುವ ಆಕ್ಷೇಪ ದುಃಖದಿಂದ ಓಡುವವನ ಬಗ್ಗೆ. ಈ ವ್ರತಿ ಓಡುತ್ತಿಲ್ಲ. ಹಾಗಾದರೆ ಆಕ್ಷೇಪ ಇವರಿಗೆ ತಟ್ಟುತ್ತದೆಯೇ? ಒಂದು ಇಡೀ ತರಗತಿ ಈ ಚರ್ಚೆಗೆ ಹೋಗುತ್ತದೆ, ಹೋಗಬೇಕು. ಅರುಣಾ ಪ್ರಕರಣದೊಂದಿಗೆ ಇಟ್ಟು ನೋಡಿದಾಗ ವ್ಯತ್ಯಾಸವೂ ನಿಚ್ಚಳವಾಗುತ್ತದೆ: ಸಲ್ಲೇಖನದಲ್ಲಿ ನಿರ್ಧಾರ ಆ ವ್ಯಕ್ತಿಯದೇ, ಅರುಣಾ ಏನನ್ನೂ ನಿರ್ಧರಿಸುವ ಸ್ಥಿತಿಯಲ್ಲಿರಲಿಲ್ಲ.

ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ಇರುವ ಅಂತರದ ಮೇಲೆಯೇ 2011ರ ತೀರ್ಪು ನಿಂತಿದೆ. ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಅಪರಾಧ, ಚಿಕಿತ್ಸೆ ಹಿಂತೆಗೆಯುವುದು ಷರತ್ತಿನ ಮೇಲೆ ಸಾಧ್ಯ. ಅಮೆರಿಕದ ತತ್ವಜ್ಞಾನಿ ಜೇಮ್ಸ್ ರೇಚೆಲ್ಸ್ 1975ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ಅಂತರವನ್ನೇ ಪ್ರಶ್ನಿಸಿದ. ಆಸ್ತಿಗಾಗಿ ಒಬ್ಬ ಆರು ವರ್ಷದ ದಾಯಾದಿ ಹುಡುಗನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬ ಅದೇ ಉದ್ದೇಶದಿಂದ ಹೋದಾಗ ಹುಡುಗ ತಾನೇ ಜಾರಿ ಮುಳುಗುತ್ತಾನೆ, ಇವನು ಸುಮ್ಮನೆ ನಿಂತು ನೋಡುತ್ತಾನೆ. ಎರಡನೆಯವನು ಹೆಚ್ಚು ಒಳ್ಳೆಯವನೇ? ಅಲ್ಲ ಎಂದಾದರೆ, ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ಇರುವ ಅಂತರಕ್ಕೆ ತನ್ನಷ್ಟಕ್ಕೇ ನೈತಿಕ ತೂಕವಿಲ್ಲ ಎಂಬುದು ರೇಚೆಲ್ಸ್ ವಾದ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ತೊಟ್ಟಿಯ ಪಕ್ಕದವನ ಉದ್ದೇಶ ಕೊಲೆಯೇ ಆಗಿತ್ತು, ವೆಂಟಿಲೇಟರ್ ತೆಗೆಯುವ ವೈದ್ಯರ ಉದ್ದೇಶ ಹಾಗಿಲ್ಲ. ಉದ್ದೇಶ ಎಷ್ಟು ಮುಖ್ಯ ಎಂಬುದಕ್ಕೆ ಉಪಶಮನ ವಾರ್ಡಿನ ಮಾರ್ಫಿನ್ ಉದಾಹರಣೆ ಕೊಡುತ್ತೇನೆ. ನೋವು ತಗ್ಗಿಸಲು ಪ್ರಮಾಣ ಏರಿಸುವಾಗ ಉಸಿರು ಕುಗ್ಗುವ ಸಾಧ್ಯತೆ ಗೊತ್ತಿರುತ್ತದೆ, ಆದರೆ ಅದು ನಮ್ಮ ಗುರಿಯಲ್ಲ. ಮಧ್ಯಯುಗದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಬರೆಯುತ್ತಾ ಬಿಡಿಸಿಟ್ಟ ದ್ವಿಪರಿಣಾಮದ ತತ್ವ ಇದು. ಅದರ ಹೆಸರು ಗೊತ್ತಿಲ್ಲದೆಯೂ ಒಳ್ಳೆಯ ನರ್ಸ್‌ಗಳು ಅದರಂತೆ ನಡೆಯುತ್ತಾರೆ.

ಅರಿಸ್ಟಾಟಲ್ ಬಗ್ಗೆ ಒಂದೇ ಮಾತು ಒತ್ತಿ ಹೇಳುತ್ತೇನೆ. ಉಳಿದವರು ‘ಏನು ಮಾಡಬೇಕು’ ಎನ್ನುವಾಗ ಅವನು ‘ಎಂಥವರಾಗಬೇಕು’ ಎನ್ನುತ್ತಾನೆ, ಮತ್ತು ಗುಣ ಬರುವುದು ಅಭ್ಯಾಸದಿಂದ ಎನ್ನುತ್ತಾನೆ. ಮಲಗಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಲಿತವರಿಗೆ ಇದನ್ನು ವಿವರಿಸಬೇಕಿಲ್ಲ. ಅಷ್ಟು ವರ್ಷ ಮಲಗಿದ್ದರೂ ಅರುಣಾ ಅವರಿಗೆ ಹಾಸಿಗೆ ಹುಣ್ಣು ಆಗಿರಲಿಲ್ಲ ಎಂದು ತೀರ್ಪು ದಾಖಲಿಸಿದೆ. ಆ ಸಾಲು ಓದಿದಾಗ ತರಗತಿಯಲ್ಲಿ ಕಣ್ಣು ಒದ್ದೆಯಾಗದವರು ಕಡಿಮೆ. ಅದರ ಹಿಂದಿನ ದುಡಿಮೆ ಎಷ್ಟೆಂದು ಅವರಿಗೆ ಗೊತ್ತು.

ಅಲ್ಲಿಂದಲೇ, ನಿಯಮಕ್ಕಿಂತ ಸಂಬಂಧಕ್ಕೆ ಬೆಲೆ ಕೊಡುವ ಆರೈಕೆಯ ನೀತಿಗೆ ಬರುತ್ತೇನೆ. ಮನಶ್ಶಾಸ್ತ್ರಜ್ಞೆ ಕ್ಯಾರೊಲ್ ಗಿಲಿಗನ್ 1982ರಲ್ಲಿ ತನ್ನ ಹಿರಿಯ ಸಹೋದ್ಯೋಗಿ ಕೋಲ್‌ಬರ್ಗ್‌ನ ನೈತಿಕ ಬೆಳವಣಿಗೆಯ ಮೆಟ್ಟಿಲುಗಳನ್ನು ಪ್ರಶ್ನಿಸಿದಳು. ಹೆಂಡತಿಯನ್ನು ಉಳಿಸಲು ಗಂಡ ಔಷಧ ಕದಿಯಬಹುದೇ ಎಂಬ ಪ್ರಶ್ನೆಗೆ ಹನ್ನೊಂದು ವರ್ಷದ ಹುಡುಗ ಹಕ್ಕುಗಳನ್ನು ತೂಗಿ ಉತ್ತರಿಸುತ್ತಾನೆ. ಅದೇ ವಯಸ್ಸಿನ ಹುಡುಗಿ ಔಷಧದವನ ಜೊತೆ ಮಾತಾಡಿ ನೋಡಬೇಕು, ಸಂಬಂಧ ಕಡಿಯಬಾರದು ಎನ್ನುತ್ತಾಳೆ. ಹಳೆಯ ಅಳತೆಗೋಲಿನಲ್ಲಿ ಹುಡುಗಿ ಕೆಳಗಿನ ಮೆಟ್ಟಿಲಲ್ಲಿ ನಿಲ್ಲುತ್ತಿದ್ದಳು. ಗಿಲಿಗನ್ ಅಳತೆಗೋಲನ್ನೇ ಅನುಮಾನಿಸಿದಳು. 2011ರ ತೀರ್ಪಿನಲ್ಲಿ ನನಗೆ ಇದೇ ಧ್ವನಿ ಕೇಳುತ್ತದೆ. ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಕೋರ್ಟ್, ಹಗಲಿರುಳು ನೋಡಿಕೊಂಡ ಕೆಇಎಂ ಸಿಬ್ಬಂದಿಯದು ಎಂದಿತು. ಅವರು ಆಕೆ ಬದುಕಬೇಕು ಎಂದರು. ಸಿದ್ಧಾಂತದ ಹೆಸರೆತ್ತದೆ, ಆರೈಕೆಯಿಂದ ಅಧಿಕಾರ ಹುಟ್ಟುತ್ತದೆ ಎಂದು ನ್ಯಾಯಾಲಯ ಒಪ್ಪಿತು.

ಇಲ್ಲಿ ನನ್ನ ನಿಲುವನ್ನು ವಿದ್ಯಾರ್ಥಿಗಳಿಂದ ಮುಚ್ಚಿಡುವುದಿಲ್ಲ. ಆ ನರ್ಸ್‌ಗಳು ಮಾಡಿದ್ದಕ್ಕಿಂತ ದೊಡ್ಡ ನೈತಿಕ ಕಾರ್ಯವನ್ನು ನಾನು ಓದಿನಲ್ಲೂ ಕಂಡಿಲ್ಲ. ಆದರೂ ಆರೈಕೆ ಮಾಡುವವರ ಪ್ರೀತಿಯೇ ಆರೈಕೆ ಪಡೆಯುವವರ ಇಚ್ಛೆ ಎಂದು ತಿಳಿದರೆ ಅಪಾಯವಿದೆ. ಹಾಸಿಗೆ ಪಕ್ಕದಲ್ಲಿ ಇದ್ದವರಿಗೆ ಬಿಟ್ಟುಕೊಡುವುದೇ ಅತ್ಯಂತ ಕಷ್ಟ. ಕಾಂಟ್ ಬೇಕಾಗುವುದು ಇಲ್ಲಿ, ಆ ಹಿಂದಿನ ಬೆಂಚಿನ ಪ್ರಶ್ನೆ ಬೇಕಾಗುವುದೂ ಇಲ್ಲಿಯೇ. ಒಂದು ಸಿದ್ಧಾಂತಕ್ಕೆ ಕಾಣದ ವ್ಯಕ್ತಿ ಇನ್ನೊಂದಕ್ಕೆ ಕಾಣುತ್ತಾರೆ. ಒಂದೇ ಕೋಣೆಯಲ್ಲಿ ಬಹಳ ಹೊತ್ತು ನಿಂತರೆ ಮಾತ್ರ ಇದು ಗೊತ್ತಾಗುತ್ತದೆ.

ಕೊನೆಯ ತರಗತಿ ಕಾನೂನಿಗೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವ ಹಕ್ಕನ್ನೂ, ಗುಣವಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರವನ್ನೂ ಮಾನ್ಯ ಮಾಡಿತು. 2023ರಲ್ಲಿ ವಿಧಾನ ಸರಳವಾಯಿತು: ಮ್ಯಾಜಿಸ್ಟ್ರೇಟರ ಸಹಿಯ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು, ಆಸ್ಪತ್ರೆಯಲ್ಲಿ ಎರಡು ಹಂತದ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂಥ ಪತ್ರ ಹಿಡಿದು ಬರುವ ಕುಟುಂಬಗಳನ್ನು ಮುಂದೆ ಎದುರಿಸಲಿದ್ದಾರೆ.

ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವುದನ್ನು ಬಿಟ್ಟಿದ್ದೇನೆ. ಒಂದೇ ಪ್ರಶ್ನೆ: ಅರುಣಾ ಪ್ರಕರಣದಲ್ಲಿ ನಿಮ್ಮ ನಿಲುವೇನು, ಮತ್ತು ನಿಮ್ಮ ನಿಲುವನ್ನು ಅತ್ಯಂತ ಬಲವಾಗಿ ವಿರೋಧಿಸುವ ಸಿದ್ಧಾಂತ ಯಾವುದು, ಅದರ ವಾದವನ್ನು ಅದನ್ನು ನಂಬುವವರು ಬರೆದಂತೆ ಬರೆಯಿರಿ. ನಿಲುವಿಗೆ ಅಂಕವಿಲ್ಲ. ಎರಡನೆಯ ಭಾಗಕ್ಕೆ ಮುಕ್ಕಾಲು ಪಾಲು ಅಂಕ.